ಅಲಮಾರಿಯಲ್ಲಿ ಸತ್ತ ಬ್ಯಾಟರಿಗಳು

ನಮ್ಮ ಶಾಲೆಗೆ ಹತ್ತು ಲ್ಯಾಪ್‌ಟಾಪ್ ಬಂದ ದಿನ ಮುಖ್ಯ ಗುರುಗಳು ಮಾಡಿದ ಮೊದಲ ಕೆಲಸವೆಂದರೆ ದೊಡ್ಡದೊಂದು ಬೀಗ ತರಲು ಜವಾನನನ್ನು ಶಹಾಪುರಕ್ಕೆ ಕಳಿಸಿದ್ದು. ದೂರದ ಊರಿನ ಯಾರೋ ದಾನಿಗಳು ಕೊಟ್ಟ ಯಂತ್ರಗಳವು. ಅವರ ಕಡೆಯವರು ಬಂದು, ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಪೆಟ್ಟಿಗೆ ಕೊಟ್ಟು ಫೋಟೊ ತೆಗೆದುಕೊಂಡರು. ಅವರ ಗಾಡಿ ಗೋಗಿ ರಸ್ತೆ ಹತ್ತುವ ಮೊದಲೇ ಪೆಟ್ಟಿಗೆಗಳನ್ನು ಮಕ್ಕಳ ಕೈಯಿಂದ ವಾಪಸು ಪಡೆದಾಗಿತ್ತು. ಹತ್ತೂ ಹೋಗಿ ಮುಖ್ಯ ಗುರುಗಳ ಕೋಣೆಯ ಕಬ್ಬಿಣದ ಅಲಮಾರಿ ಸೇರಿದವು.

ನಾನು ಆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆ ಯಾದಗಿರಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಭೀಮಾ ಹೊಳೆ ದಾಟಿ ಶಹಾಪುರದಲ್ಲಿ ಇಳಿದು, ಅಲ್ಲಿಂದ ಶೇರ್ ಆಟೊದಲ್ಲಿ ಏಳು ಜನರ ನಡುವೆ ಎಂಟನೆಯವಳಾಗಿ ಕುಳಿತು ಶಾಲೆಗೆ ಹೋಗುತ್ತೇನೆ. ಹಾದಿಯುದ್ದಕ್ಕೂ ಅವತ್ತಿನ ಪಾಠ ಯೋಚಿಸುವುದು ನನ್ನ ರೂಢಿ. ಲ್ಯಾಪ್‌ಟಾಪ್ ಬಂದ ವಾರ ಮಾತ್ರ ಬೇರೇನೂ ಯೋಚಿಸಲಿಲ್ಲ. ನಮ್ಮ ಮಕ್ಕಳು ಎಲೆಯ ಅಡ್ಡಸೀಳನ್ನು ನನ್ನ ಕೆಟ್ಟ ಚಿತ್ರಗಳಲ್ಲಿ ನೋಡಿದವರು. ಹೃದಯ ಬಡಿಯುವುದನ್ನು ನಾನು ಮುಷ್ಟಿ ಬಿಗಿದು ಬಿಚ್ಚಿ ತೋರಿಸುತ್ತಿದ್ದೆ.

ಒಂದು ತಿಂಗಳು ಕಾದು ಮುಖ್ಯ ಗುರುಗಳನ್ನು ಕೇಳಿದೆ. ಕಿಟಕಿಗೆ ಸರಳು ಹಾಕಿಸಬೇಕು ಎಂದರು. ಸರಳು ಬಂದವು. ಗೋಡೆಗೆ ಪ್ಲಗ್ ಪಾಯಿಂಟ್ ಸಾಲವು ಎಂದರು. ಅವೂ ಬಂದವು. ಆಮೇಲೆ ಉದ್ಘಾಟನೆಗೆ ದೊಡ್ಡವರೊಬ್ಬರ ದಿನ ಸಿಗಬೇಕು ಎಂದರು. ಆ ದಿನ ಸಿಗಲೇ ಇಲ್ಲ. ಕೊನೆಗೆ ಒಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು.

"ಮೇಡಂ, ಅವು ಶಾಲಿ ಸಾಮಾನ ಅವ. ಹುಡುಗರ ಕೈಯಾಗ ಕೊಟ್ಟು ಒಂದ್ ಬಿದ್ದು ಒಡೀತಂದ್ರ ಕಾಗದ ಯಾರ ಹೆಸರಿಗೆ ಬರ್ತದ ಹೇಳ್ರಿ."

ಅವರು ಕೆಟ್ಟವರಲ್ಲ, ಕಳ್ಳರಂತೂ ಅಲ್ಲವೇ ಅಲ್ಲ. ಹಿಂದಿನ ಶಾಲೆಯಲ್ಲಿ ಇದ್ದಾಗ ಯಾರೋ ಎರಡು ಫ್ಯಾನು ಕದ್ದೊಯ್ದಿದ್ದರು. ಅದಕ್ಕೆ ಇವರು ವರ್ಷಗಟ್ಟಲೆ ಕಚೇರಿಗಳಿಗೆ ಉತ್ತರ ಬರೆದಿದ್ದರು. ಆ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಅರ್ಥವಾದ ಮಾತ್ರಕ್ಕೆ ಸಿಟ್ಟು ಕಡಿಮೆಯಾಗುವುದಿಲ್ಲ. ಅವರು ಆ ಅಲಮಾರಿಯನ್ನು ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರೆಂದರೆ, ಪ್ರತಿ ಶನಿವಾರ ತಾವೇ ಬಾಗಿಲು ತೆಗೆದು, ಲ್ಯಾಪ್‌ಟಾಪುಗಳ ಮೇಲಿನ ಬಟ್ಟೆ ಕೊಡವಿ, ಹುಳ ಹತ್ತಬಾರದೆಂದು ಬೇವಿನ ಸೊಪ್ಪು ಇಟ್ಟು, ರೇಷ್ಮೆ ಸೀರೆಗಳ ಮಧ್ಯೆ ಇಡುವ ಡಾಂಬರ ಗುಳಿಗೆಗಳನ್ನು ಮೂಲೆಮೂಲೆಗೂ ಹಾಕುತ್ತಿದ್ದರು. ಚಾರ್ಜು ಮಾತ್ರ ಒಂದು ದಿನವೂ ಹಾಕಲಿಲ್ಲ. ಕರೆಂಟಿನಿಂದ ಸುಟ್ಟರೆ ಎಂಬ ಭಯ. ಅಲಮಾರಿ ಇದ್ದದ್ದು ಪಡುವಣ ಗೋಡೆಗೆ. ಮೇಲೆ ತಗಡು. ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಆ ಅಲಮಾರಿಯ ಬಾಗಿಲು ಮುಟ್ಟಿದರೆ ಕೈ ಹಿಂದೆ ಎಳೆದುಕೊಳ್ಳಬೇಕು.

ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ದರ್ಜಿ, ಮನೆಯಲ್ಲಿ ದಖನಿ ಮಾತು, ಆದರೆ ಕನ್ನಡ ಪ್ರಬಂಧದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಫೋಟೊ ತೆಗೆಯುವಾಗ ಪೆಟ್ಟಿಗೆ ಹಿಡಿದು ನಿಂತ ಹತ್ತು ಮಕ್ಕಳಲ್ಲಿ ಅವಳೂ ಒಬ್ಬಳು. ಅವು ಯಾವಾಗ ಸಿಗುತ್ತವೆ ಎಂದು ವಾರಕ್ಕೊಮ್ಮೆ ನನ್ನನ್ನು ಕೇಳುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಕೇಳುವುದನ್ನು ಬಿಟ್ಟಳು. ಪಾಸಾಗಿ ಟಿ.ಸಿ. ಪಡೆಯಲು ಬಂದ ದಿನ ಮುಖ್ಯ ಗುರುಗಳ ಕೋಣೆಯಿಂದ ಹೊರಬಂದು ನನ್ನ ಹತ್ತಿರ ನಿಂತಳು.

"ಟೀಚರ್, ಅವು ಇಲ್ಲೇ ಇರ್ತಾವ. ನಾವ್ ಹೊಂಟೀವಿ," ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ಬಸ್ಸು ತಪ್ಪಿತು ಎಂದು ಹೇಳುವ ಹಾಗೆ ಹೇಳಿ ಹೋದಳು. ನಾನು ಅವತ್ತು ಆಟೊದಲ್ಲಿ ಕುಳಿತು ಹಲ್ಲು ಕಚ್ಚಿಕೊಂಡು ಬಂದದ್ದು ನೆನಪಿದೆ. ಮುಂದಿನ ವರ್ಷ ಇನ್ನೊಂದು ತಂಡ ಹಾಗೆಯೇ ಹೋಯಿತು.

ಇಷ್ಟೆಲ್ಲ ಸಿಟ್ಟು ಮಾಡುತ್ತಿದ್ದ ನನಗೆ ಬ್ಯಾಟರಿಯ ಬಗ್ಗೆ ಗೊತ್ತಿದ್ದದ್ದಾದರೂ ಏನು? ನಿಂಬೆಹಣ್ಣಿಗೆ ತಾಮ್ರದ ತಂತಿ, ಸತುವಿನ ಮೊಳೆ ಚುಚ್ಚಿ ಮಕ್ಕಳಿಗೆ ವಿದ್ಯುತ್ಕೋಶ ತೋರಿಸಿದ್ದೆ. ನನ್ನ ಮನೆಯ ಲ್ಯಾಪ್‌ಟಾಪನ್ನು ಮಾತ್ರ ವರ್ಷಗಟ್ಟಲೆ ಹಾಸಿಗೆಯ ಮೇಲಿಟ್ಟು, ಹಗಲೂ ರಾತ್ರಿಯೂ ವೈರು ಚುಚ್ಚಿಯೇ ಬಳಸಿದ್ದೆ. ಬುಡ ಬಿಸಿಯಾದರೆ ಕೆಳಗೆ ದಿಂಬು ಕೊಡುತ್ತಿದ್ದೆ, ತೊಡೆ ಸುಡಬಾರದೆಂದು. ಎರಡನೆಯ ತಂಡ ಹೋದ ಬೇಸಿಗೆಯಲ್ಲಿ ಅದು ಮೇಜಿನ ಮೇಲೆ ಸಪಾಟಾಗಿ ಕೂರದೆ ಮೊಟ್ಟೆಯಂತೆ ಅಲುಗಾಡತೊಡಗಿತು. ಕೀಲಿಮಣೆಯ ನಡುಭಾಗ ಉಬ್ಬಿತ್ತು. ಸೊಟ್ಟಗಾಗಿದೆ ಎಂದುಕೊಂಡು ಅದರ ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿದೆ.

ರಜೆ ಮುಗಿದು ಶಾಲೆ ಶುರುವಾದ ಮೇಲೆ ಶಹಾಪುರದ ಮೊಬೈಲ್ ಅಂಗಡಿಯವನೊಬ್ಬ ಅದನ್ನು ನೋಡಿ ಮುಟ್ಟಲೂ ಒಲ್ಲೆ ಎಂದ. ಸುರಪುರದಲ್ಲಿ ಒಬ್ಬ ಹಿರಿಯರಿದ್ದಾರೆ, ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು, ಅವರಲ್ಲಿಗೆ ಒಯ್ಯಿರಿ ಎಂದ. ಭಾನುವಾರ ಸುರಪುರದ ಬಸ್ಸು ಹತ್ತಿದೆ. ಇಳಿಜಾರಿನ ಓಣಿಯಲ್ಲಿ, ನಾಲ್ಕು ಮೆಟ್ಟಿಲು ಕೆಳಗಿಳಿದರೆ ಸಿಗುವ ಸಣ್ಣ ಅಂಗಡಿ. ಬಿಳಿ ಗಡ್ಡದ ಆ ಹಿರಿಯರು ನನ್ನ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣ ಮಟ್ಟಕ್ಕೆ ಹಿಡಿದು ಅಂಚಿನಿಂದ ನೋಡಿದರು. ಎಷ್ಟು ದಿನದಿಂದ ಹೀಗಿದೆ, ಏನು ಮಾಡಿದಿರಿ ಎಂದು ಕೇಳಿದರು. ಪುಸ್ತಕ ಹೇರಿದ್ದನ್ನು ಹೇಳಿದೆ. ನೀವೇನು ಕೆಲಸ ಮಾಡುತ್ತೀರಿ ಎಂದರು. ವಿಜ್ಞಾನ ಕಲಿಸುತ್ತೇನೆ ಎಂದೆ.

ಅವರು ಕನ್ನಡಕ ತೆಗೆದು ಬದಿಗಿಟ್ಟರು. "ವಿಜ್ಞಾನ ಕಲಸೋರು ಇದರ ಮ್ಯಾಲ ಪುಸ್ತಕ ಹೇರಿದ್ರ, ಸಾಲಿಗೆ ಹೋಗಲಾರದೋರಿಗೆ ನಾ ಏನ್ ಹೇಳ್ಲೆವ್ವಾ?"

ನನ್ನ ಮುಖ ಬಿಸಿಯಾಯಿತು. ಆ ಮಾತಿಗೆ ಸಿಟ್ಟು ಬಂದಿತು, ಅದು ಸರಿಯಾದ ಮಾತಾದ್ದರಿಂದ ಇನ್ನಷ್ಟು ಬಂದಿತು. ಅವರು ಸ್ಕ್ರೂ ಬಿಚ್ಚಿ ಬ್ಯಾಟರಿಯನ್ನು ನಿಧಾನವಾಗಿ ಹೊರತೆಗೆದರು. ತೆಳ್ಳಗೆ ಚಪ್ಪಟೆಯಾಗಿ ಇರಬೇಕಾದದ್ದು ಪೂರಿಯಂತೆ ಉಬ್ಬಿತ್ತು. ಒಳಗಿನದು ಬರೀ ಗಾಳಿಯಲ್ಲ, ಹತ್ತಿಕೊಂಡು ಉರಿಯುವಂಥ ಗ್ಯಾಸು, ಚುಚ್ಚಿದರೆ ಅಥವಾ ಒತ್ತಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಏಳುತ್ತದೆ ಎಂದು ಹೇಳಿದರು. ಇಷ್ಟು ದಿನ ನಾನು ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆ.

ಆ ದಿನ ಒಂದು ತಾಸು ಅವರ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಪಾಠ ಕೇಳಿದೆ. ಈ ಜಾತಿಯ ಬ್ಯಾಟರಿಗೆ ಎರಡು ಸಂಗತಿ ಆಗಿಬರುವುದಿಲ್ಲ ಎಂದರು. ಪೂರ್ತಿ ತುಂಬಿಕೊಂಡು ಬಿಸಿಯಲ್ಲಿ ಇರುವುದು ಒಂದು. ಪೂರ್ತಿ ಬರಿದಾಗಿ ಬಹಳ ದಿನ ಬಿದ್ದಿರುವುದು ಇನ್ನೊಂದು. ಮೊದಲಿನದನ್ನು ನಾನು ಮಾಡಿದ್ದೆ. ದಿನಬಳಕೆಯಲ್ಲಿ ನೂರಕ್ಕೆ ನೂರು ತುಂಬಿಸಿ ವೈರಿನಲ್ಲೇ ಇಡುವುದಕ್ಕಿಂತ ಎಂಬತ್ತರ ಸುಮಾರಿಗೆ ತೆಗೆಯಬೇಕು, ಇಪ್ಪತ್ತು ಮೂವತ್ತಕ್ಕೆ ಇಳಿದಾಗ ಮತ್ತೆ ಹಚ್ಚಬೇಕು. ಸೊನ್ನೆಯಾಗುವವರೆಗೆ ಬಳಸಿ ಆಮೇಲೆ ಚಾರ್ಜು ಮಾಡಬೇಕೆಂಬುದು ಹಳೆಯ ಕಾಲದ ಬೇರೆ ಜಾತಿಯ ಬ್ಯಾಟರಿಗಳ ಮಾತು, ಇದಕ್ಕಲ್ಲ. ಹಾಸಿಗೆ, ದಿಂಬಿನ ಮೇಲಿಟ್ಟರೆ ಅದರ ಉಸಿರು ಕಟ್ಟುತ್ತದೆ, ಗಟ್ಟಿ ಮೇಜು ಬೇಕು. ಬಹಳ ದಿನ ಬಳಸುವುದಿಲ್ಲವೆಂದಾದರೆ ಅರ್ಧ ತುಂಬಿಸಿ ತಣ್ಣನೆಯ ಜಾಗದಲ್ಲಿ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ನೋಡಬೇಕು.

ಬರಿದಾಗಿ ಬಿದ್ದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಬಂದ್ ಇಟ್ಟರೂ ಅದು ಹನಿಹನಿಯಾಗಿ ಸೋರುತ್ತಲೇ ಇರುತ್ತದೆ, ತೀರ ಕೆಳಗಿಳಿದರೆ ಒಳಗಿನ ಸಣ್ಣ ಸರ್ಕ್ಯೂಟು ಚಾರ್ಜು ಒಲ್ಲೆ ಎಂದು ಬಾಗಿಲು ಹಾಕಿಕೊಳ್ಳುತ್ತದೆ ಎಂದರು.

"ಜನ ಏನಂತಾರ, ಬ್ಯಾಟರಿ ಕೆಟ್ಟದ ಅಂತಾರ. ಕೆಟ್ಟಿಲ್ಲವ್ವಾ, ಅದು ನಿಮ್ಮ ಮನಿ ಉಳಸಾಕತ್ತದ. ಅಂಥದ್ಕ ಜುಲುಮಿ ಮಾಡಿ ಕರೆಂಟ್ ಕೊಟ್ರ ಬೆಂಕಿ ಹತ್ತತದ."

ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ನನಗೆ ಅಲಮಾರಿ ನೆನಪಾಯಿತು. ಎರಡು ವರ್ಷ. ಪಡುವಣ ಗೋಡೆ. ಚಾರ್ಜಿಲ್ಲದ ಹತ್ತು ಬ್ಯಾಟರಿ. ಕಿಟಕಿಯಾಚೆ ಹತ್ತಿಯ ಹೊಲ ಹಿಂದಕ್ಕೆ ಓಡುತ್ತಿದ್ದವು, ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಮುಖ್ಯ ಗುರುಗಳ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಬಳಸದೆ ಇಟ್ಟ ವಸ್ತು ಹೇಗೆ ಹಾಳಾಗುತ್ತದೆ ಮೇಡಂ ಎಂದು ನಕ್ಕರು. ನಾನು ಒಂದು ಅರ್ಜಿ ಬರೆದು ಉಳಿದ ಟೀಚರುಗಳ ಸಹಿಗೆ ತಿರುಗಾಡಿದೆ. ಒಬ್ಬರು ತಲೆನೋವು ಎಂದರು, ಒಬ್ಬರು ನಾಳೆ ನೋಡೋಣ ಎಂದರು, ಮತ್ತೊಬ್ಬರು ನಿಮಗ್ಯಾಕೆ ಇದೆಲ್ಲ ಎಂದರು. ನನ್ನದೊಂದೇ ಸಹಿಯ ಅರ್ಜಿಯನ್ನು ಮುಖ್ಯ ಗುರುಗಳ ಮೇಜಿನ ಮೇಲಿಟ್ಟೆ. ಅದು ಒಂದು ಫೈಲಿನೊಳಗೆ ಹೋಯಿತು.

ಮೂರು ವಾರದ ಮೇಲೆ ತನಿಖೆಯ ಸುದ್ದಿ ಬಂತು. ಅಧಿಕಾರಿಯೊಬ್ಬರು ಬರುತ್ತಾರೆ, ದಾನವಾಗಿ ಬಂದ ಲ್ಯಾಪ್‌ಟಾಪುಗಳನ್ನು ಮಕ್ಕಳು ಬಳಸುತ್ತಿರುವುದನ್ನು ನೋಡಬೇಕಂತೆ. ಎರಡು ವರ್ಷ ಮಕ್ಕಳಿಗಾಗಿ ತೆರೆಯದ ಬೀಗ ಆ ಒಂದು ಕಾಗದಕ್ಕೆ ತೆರೆಯಿತು. ಅವತ್ತು ನನ್ನ ಬಸ್ಸು ಶಹಾಪುರ ಮುಟ್ಟುವುದು ತಡವಾಗಿತ್ತು. ನಾನು ಹೋಗುವಷ್ಟರಲ್ಲಿ ಹತ್ತೂ ಯಂತ್ರಗಳನ್ನು ಮೇಜಿನ ಮೇಲೆ ಜೋಡಿಸಿ, ಹತ್ತಕ್ಕೂ ವೈರು ಚುಚ್ಚಿ ಆಗಿತ್ತು. ಕೋಣೆಯ ತುಂಬ ಡಾಂಬರ ಗುಳಿಗೆಯ ವಾಸನೆ. ಐದರಲ್ಲಿ ಚಾರ್ಜಿನ ದೀಪವೇ ಇರಲಿಲ್ಲ. ಐದರಲ್ಲಿ ದೀಪ ಹತ್ತಿತ್ತು, ಅವುಗಳಲ್ಲಿ ಒಂದರ ಮುಚ್ಚಳ ಪೂರ್ತಿ ಕೂರದೆ ಬೆರಳಷ್ಟು ಬಾಯಿ ಬಿಟ್ಟಿತ್ತು. ಕೆಳಗೆ ಕೈಯಿಟ್ಟು ನೋಡಿದೆ. ಕಾಸಿದ ಹಂಚಿನಂತೆ ಇತ್ತು.

ಇದನ್ನು ತೆಗೆಯಿರಿ ಸರ್, ಬ್ಯಾಟರಿ ಉಬ್ಬಿದೆ ಎಂದು ವೈರು ಕಿತ್ತೆ. ಅಧಿಕಾರಿಯ ಗಾಡಿ ಬರುವ ಹೊತ್ತಾಗಿತ್ತು. ಮುಖ್ಯ ಗುರುಗಳ ಹಣೆಯಲ್ಲಿ ಬೆವರು. "ಸ್ವಲ್ಪ ಎತ್ತರ ಆಗ್ಯಾದ, ಅಷ್ಟಕ್ಕ ಯಾಕಿಷ್ಟು ಗದ್ದಲ ಮಾಡ್ತೀರಿ ಮೇಡಂ," ಎನ್ನುತ್ತಲೇ ಮುಚ್ಚಳದ ಮೇಲೆ ಎರಡೂ ಅಂಗೈ ಊರಿ, ಮೈಭಾರ ಹಾಕಿ ಒತ್ತಿದರು. ನಾನು ಅವರ ತೋಳು ಹಿಡಿದು ಎಳೆದೆ. ಅಷ್ಟರೊಳಗೆ ಒಳಗಿನಿಂದ ಪಟ್ ಎಂದು ಸದ್ದಾಯಿತು, ಬೆನ್ನಲ್ಲೇ ಹಾವು ಬುಸುಗುಟ್ಟಿದ ಹಾಗೆ ಇನ್ನೊಂದು ಸದ್ದು. ಸಿಹಿ ಸಿಹಿ ಕೆಟ್ಟ ವಾಸನೆ ಮೂಗಿಗೆ ಹೊಡೆಯಿತು. ಅಂಚಿನಿಂದ ಬಿಳಿ ಹೊಗೆ, ಆಮೇಲೆ ಬೆಂಕಿ.

ಪಕ್ಕದ ಕೋಣೆಯಲ್ಲಿ ಎಂಟನೆಯ ತರಗತಿ. ಮಕ್ಕಳನ್ನೆಲ್ಲ ಬಯಲಿಗೆ ಕಳಿಸಿ ಎಂದು ಕೂಗಿದೆ. ಅಂಗಳದಲ್ಲಿ ಕಟ್ಟಡದ ಕೆಲಸಕ್ಕೆ ತಂದ ಮರಳಿನ ಗುಡ್ಡೆ, ಗೌಂಡಿಗಳ ಕಬ್ಬಿಣದ ಬುಟ್ಟಿ ಇದ್ದವು. ಜವಾನ ಅರ್ಧ ಬುಟ್ಟಿ ಮರಳು ತಂದು ಮೇಜಿನ ಪಕ್ಕ ಇಟ್ಟ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಉದ್ದನೆಯ ಕಸಬರಿಗೆಯ ಕೋಲಿನಿಂದ ಉರಿಯುತ್ತಿದ್ದ ಯಂತ್ರವನ್ನು ಆ ಬುಟ್ಟಿಗೆ ತಳ್ಳಿದೆ. ಮೇಲೆ ಇನ್ನಷ್ಟು ಮರಳು ಸುರಿದು, ಇಬ್ಬರೂ ಬುಟ್ಟಿಯ ಎರಡೂ ಹಿಡಿಗಳಿಗೆ ಕೋಲು ತೂರಿಸಿ ಎತ್ತಿಕೊಂಡು ಬಯಲಿಗೆ ಇಟ್ಟೆವು. ಮರಳಿನೊಳಗಿಂದ ಬಹಳ ಹೊತ್ತು ಹೊಗೆ ಬರುತ್ತಿತ್ತು.

ಮುಖ್ಯ ಗುರುಗಳ ಬಲಗೈಯ ಎರಡು ಬೆರಳು ಸುಟ್ಟಿದ್ದವು. ನೀರಿನ ಟಾಕಿಯ ನಳದ ಕೆಳಗೆ ಅವರ ಕೈ ಹಿಡಿದು ನಿಂತೆ.

"ಹಾಳ್ ಮಾಡಾಕ ಇಟ್ಟಿದ್ದಿಲ್ರಿ ಮೇಡಂ," ಎಂದರು ಮೆಲ್ಲಗೆ.

"ಬಳಸಾಕೂ ಇಟ್ಟಿದ್ದಿಲ್ರಿ ಸರ್," ಎಂದೆ.

ಅಷ್ಟು ವರ್ಷ ಅವರ ಕೆಳಗೆ ಕೆಲಸ ಮಾಡಿ ಅವರಿಗೆ ಎದುರು ಮಾತು ಹೇಳಿದ್ದು ಅದೇ ಮೊದಲು. ಸುಟ್ಟ ಕೈಯ ಮನುಷ್ಯನಿಗೆ ಹಾಗೆ ಹೇಳಬಾರದಿತ್ತು ಎಂದು ಆಮೇಲೆ ನನ್ನ ಮನೆಯವರು ಹೇಳಿದರು. ಹೇಳಬೇಕಿತ್ತು ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಅಧಿಕಾರಿ ಬಂದರು. ಹೊಗೆಯಾಡುವ ಬುಟ್ಟಿಯನ್ನು ದೂರದಿಂದ ನೋಡಿದರು, ಯಾರಿಗೂ ಹೆಚ್ಚಿನ ಪೆಟ್ಟಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಒಳಗೆ ಬಂದು ಲ್ಯಾಪ್‌ಟಾಪುಗಳನ್ನು ಎಣಿಸಿದರು. ಮೇಜಿನ ಮೇಲೆ ಒಂಬತ್ತು, ಬುಟ್ಟಿಯಲ್ಲಿ ಒಂದು, ಒಟ್ಟು ಹತ್ತು, ಸರಿಯಿದೆ ಎಂದು ಬರೆದುಕೊಂಡರು. ಮಕ್ಕಳು ಬಳಸುತ್ತಿದ್ದಾರೆಯೇ ಎಂಬ ಸಾಲಿನ ಮುಂದೆ ಹೌದು ಎಂದು ಬರೆಯಲು ಹೊರಟ ಪೆನ್ನನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಇವತ್ತಿನವರೆಗೆ ಇವನ್ನು ಒಂದು ಮಗುವೂ ಮುಟ್ಟಿಲ್ಲ ಎಂದೆ. ಅಧಿಕಾರಿ ಮುಖ್ಯ ಗುರುಗಳ ಮುಖ ನೋಡಿದರು. ಅವರು ಇಲ್ಲವೆನ್ನಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಇದು ಶಾಲೆಯ ಒಳಗಿನ ವಿಷಯ, ನೀವೇ ಕೂತು ಬಗೆಹರಿಸಿಕೊಳ್ಳಿ ಎಂದು ಅಧಿಕಾರಿ ಆ ಸಾಲನ್ನು ಖಾಲಿ ಬಿಟ್ಟು ಹೋದರು. ಎರಡು ತಂಡದ ಮಕ್ಕಳ ಎರಡು ವರ್ಷ ಅವರ ಕಾಗದದಲ್ಲಿ ಒಂದು ಖಾಲಿ ಸಾಲು.

ಸುರಪುರದ ಹಿರಿಯರಿಗೆ ಫೋನ್ ಮಾಡಿ ಉಳಿದ ಒಂಬತ್ತನ್ನು ತರುತ್ತೇನೆ ಎಂದೆ. ಬೇಡ, ಜನ ತುಂಬಿದ ಬಸ್ಸಿನಲ್ಲಿ ಅಂಥವನ್ನು ಹೊತ್ತುಕೊಂಡು ಬರಬೇಡ ಎಂದು ಗದರಿಸಿ, ಆ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ತಾವೇ ಬಂದರು. ಒಂದೊಂದನ್ನೇ ಬಿಚ್ಚಿ, ಮೀಟರು ಹಚ್ಚಿ ನೋಡಿದರು. ನಾಲ್ಕು ಬ್ಯಾಟರಿ ಹೇಗೋ ಬದುಕಿದ್ದವು. ಐದು ಸತ್ತಿದ್ದವು, ಅವುಗಳಲ್ಲಿ ಎರಡು ಉಬ್ಬತೊಡಗಿದ್ದವು. ಸತ್ತವನ್ನು ಒತ್ತಾಯ ಮಾಡಿ ಎಬ್ಬಿಸುವುದು ಬೇಡ ಎಂದು ತೆಗೆದು, ಅವುಗಳ ತುದಿಗಳಿಗೆ ಟೇಪು ಸುತ್ತಿ, ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಇಟ್ಟರು. ಹೈದರಾಬಾದಿಗೆ ಕಳಿಸುವ ಹಳೆ ಬ್ಯಾಟರಿಗಳ ಜೊತೆ ಇವನ್ನೂ ಕಳಿಸುತ್ತೇನೆ, ಟೆಂಪೊ ಬಂದಾಗ ಒಯ್ಯುತ್ತೇನೆ, ಅಲ್ಲಿಯವರೆಗೆ ಕಟ್ಟಡದಿಂದ ದೂರ ಇರಲಿ, ತಿಪ್ಪೆಗೆ ಮಾತ್ರ ಎಸೆಯಬೇಡಿ ಎಂದರು. ಬ್ಯಾಟರಿ ಇಲ್ಲದ ಐದೂ ಯಂತ್ರಗಳು ನೇರ ಕರೆಂಟಿನಲ್ಲಿ ನಡೆದವು. ಬ್ಯಾಟರಿ ಇಲ್ಲದೆಯೂ ಲ್ಯಾಪ್‌ಟಾಪ್ ನಡೆಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೋಗುವ ಮುನ್ನ ಅವರು ಮುಖ್ಯ ಗುರುಗಳಿಗೂ ನನಗೆ ಹೇಳಿದಂತೆಯೇ ಬೈದರು. ಬೇವಿನ ಸೊಪ್ಪು ಇಟ್ಟಿರಲ್ಲ, ಅದರ ಬದಲು ತಿಂಗಳಿಗೊಮ್ಮೆ ಅರ್ಧ ತಾಸು ಕರೆಂಟು ಕೊಟ್ಟಿದ್ದರೆ ಹತ್ತೂ ಉಳಿಯುತ್ತಿದ್ದವು ಎಂದರು. ಮುಖ್ಯ ಗುರುಗಳು ತಲೆ ತಗ್ಗಿಸಿ ಕೇಳಿದರು, ಚಹಾ ತರಿಸಿದರು. ನನಗೆ ಒಳಗೊಳಗೇ ಸಂತೋಷವಾಯಿತು. ಅದು ಒಳ್ಳೆಯ ಸಂತೋಷವಲ್ಲ ಎಂದು ಗೊತ್ತಿತ್ತು, ಆದರೂ ಆಯಿತು.

ಈಗ ವಾರಕ್ಕೆ ನಾಲ್ಕು ದಿನ ಮಕ್ಕಳು ಆ ಒಂಬತ್ತರ ಮುಂದೆ ಕೂರುತ್ತಾರೆ. ಕರೆಂಟು ಹೋದರೆ ಐದು ಕಪ್ಪಾಗುತ್ತವೆ, ಎಲ್ಲರೂ ಎದ್ದು ಉಳಿದ ನಾಲ್ಕರ ಸುತ್ತ ಮುತ್ತಿಕೊಳ್ಳುತ್ತಾರೆ. ಅವರಿಗೆ ಅದರಲ್ಲಿ ಬೇಸರವಿಲ್ಲ. ನನಗೆ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಪಾಸಾಗಿ ಹೋದ ಎರಡು ತಂಡದವರಿಗೆ ಹೇಳಿ ಕಳಿಸಿದೆ, ಶನಿವಾರ ಮಧ್ಯಾಹ್ನ ಬನ್ನಿ ಎಂದು. ಮೂವರು ಬಂದರು. ದರ್ಜಿಯ ಮಗಳು ಬರಲಿಲ್ಲ. ಶಹಾಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ಟೈಪಿಂಗ್ ಕಲಿತಳಂತೆ. ನಮ್ಮಿಂದ ಅಲ್ಲ.

ಈ ಸಲದ ಬೇಸಿಗೆ ರಜೆಗೆ ಮೊದಲು ನಾಲ್ಕೂ ಬ್ಯಾಟರಿಗಳನ್ನು ಅರ್ಧಕ್ಕೆ ತಂದು ನಿಲ್ಲಿಸಿದೆ. ಎಲ್ಲಿಡುವುದು ಎಂಬ ಮಾತು ಬಂತು. ಮುಖ್ಯ ಗುರುಗಳು ಎಂದಿನಂತೆ ತಮ್ಮ ಕೋಣೆ ಎಂದರು. ಊರಿನಲ್ಲಿ ನಮ್ಮ ಒಬ್ಬ ವಿದ್ಯಾರ್ಥಿನಿಯ ಅಜ್ಜಿಯ ಮನೆ ಇದೆ. ಮೊಳ ದಪ್ಪದ ಕಲ್ಲಿನ ಗೋಡೆ, ಜೋಳದ ಚೀಲ ಇಡುವ ಒಳಕೋಣೆಯಲ್ಲಿ ಮೇ ತಿಂಗಳಲ್ಲೂ ತಂಪು. ಅಲ್ಲಿಡೋಣ ಎಂದೆ. ಶಾಲೆಯ ವಸ್ತು ಶಾಲೆಯ ಹೊರಗೆ ಹೋಗುವಂತಿಲ್ಲ ಎಂದರು. ಮತ್ತೆ ಅದೇ ಮಾತು. ಈ ಸಲ ನಾನು ಅರ್ಜಿ ಬರೆಯಲಿಲ್ಲ, ಯಾರ ಸಹಿಗೂ ತಿರುಗಾಡಲಿಲ್ಲ. ದಾಸ್ತಾನು ಪುಸ್ತಕ ತೆಗೆದು, ನಾಲ್ಕು ಲ್ಯಾಪ್‌ಟಾಪುಗಳನ್ನು ರಜೆಯ ಅವಧಿಗೆ ಎಲ್ಲಿ, ಯಾಕೆ ಇಡುತ್ತಿದ್ದೇನೆ ಎಂದು ವಿವರವಾಗಿ ಬರೆದು ಕೆಳಗೆ ನನ್ನ ಸಹಿ ಹಾಕಿದೆ. ಏನಾದರೂ ಆದರೆ ಕಾಗದ ನನ್ನ ಹೆಸರಿಗೇ ಬರಲಿ. ಪುಸ್ತಕವನ್ನು ಅವರ ಮುಂದೆ ತಳ್ಳಿದೆ. ಅವರು ಎರಡು ಸಲ ಓದಿದರು. ಪೆನ್ನು ಕೈಗೆತ್ತಿಕೊಂಡರು. ನಾನು ಅವರ ಸಹಿಗೆ ಕಾಯದೆ ನಾಲ್ಕೂ ಲ್ಯಾಪ್‌ಟಾಪುಗಳನ್ನು ಎತ್ತಿಕೊಂಡು ಅಜ್ಜಿಯ ಮನೆಯ ಕಡೆ ಹೊರಟೆ.